ಒಂದು ತಾಸಿನ ಹಾದಿಗೆ ಅವ್ವನ ಪ್ರಸ್ಥಾನ

ಬೆಳಗಿನ ಚಹಾ ಇನ್ನೂ ಗಂಟಲಿಳಿದಿರಲಿಲ್ಲ, ಮುಂಬೈಯ ಕಣ್ಣಿನ ಆಸ್ಪತ್ರೆಯಿಂದ ಫೋನು ಬಂತು. ಆ ಕಡೆಯ ಹೆಣ್ಣುಮಗಳು ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದಳು. ನಿಮ್ಮ ತಾಯಿಯವರ ಪಾಳಿ ಬಂದಿದೆ, ಕಾರ್ನಿಯಾ ಸಿಕ್ಕಿದೆ, ಸಂಜೆ ಆರರೊಳಗೆ ಕರೆತನ್ನಿ, ಬೆಳಗಿನ ತಿಂಡಿಯ ನಂತರ ಹೊಟ್ಟೆಗೆ ಏನೂ ಕೊಡಬೇಡಿ. ಆರು ದಾಟಿದರೆ ಮುಂದಿನವರಿಗೆ ಕೊಡಬೇಕಾಗುತ್ತದೆ. ಈ "ಮುಂದಿನವರಿಗೆ" ಎಂಬ ಮಾತನ್ನು ಆಕೆ ಎರಡು ಸಲ ಹೇಳಿದಳು. ನಾನು ಬಸಿ ಕೆಳಗಿಟ್ಟು ಗಡಿಯಾರ ನೋಡಿದೆ.

ಅವ್ವ ಇರುವುದು ಅಕ್ಕಲಕೋಟದಲ್ಲಿ ತಮ್ಮನ ಮನೆಯಲ್ಲಿ, ನಾನು ಸೊಲ್ಲಾಪುರದಲ್ಲಿ. ಅವ್ವನ ಎಡಗಣ್ಣು ಹೋಗಿ ಬಹಳ ವರ್ಷಗಳಾಗಿದ್ದವು. ಉಳಿದಿದ್ದ ಬಲಗಣ್ಣಿಗೆ ಒಂದು ಸುಗ್ಗಿಯಲ್ಲಿ ಜೋಳದ ರವದಿ, ಒಣಗಿದ ಗರಿ, ಬಡಿಯಿತು. ಹೊಲಕ್ಕೆ ಹೋಗಬೇಡ ಎಂದರೆ ಕೇಳುವ ಪೈಕಿಯಲ್ಲ, ರವದಿ ಬಡಿದ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡು ರಾಶಿ ಮುಗಿಯುವವರೆಗೂ ಕಣದಲ್ಲೇ ಕೂತಿದ್ದಳು. ಹುಣ್ಣಾಯಿತು, ಮಾಯಿತು, ಕರಿಗುಡ್ಡೆಯ ಮೇಲೆ ಹಾಲಿನ ಕೆನೆಯಂಥ ಬಿಳುಪು ಉಳಿಯಿತು. ಸತ್ತವರ ಕಣ್ಣಿನ ಆ ಪರದೆ ತಂದು ಕೂಡಿಸಿದರೆ ಮಾತ್ರ ನೋಟ ಬರುತ್ತದೆ, ಒಂದೇ ಕಣ್ಣು ಉಳಿದಿದೆ, ಮುಂಬೈಗೇ ಹೋಗಿ ಎಂದರು ಇಲ್ಲಿಯ ಡಾಕ್ಟರು. ಪಂಚಾಂಗವನ್ನು ತಾನೇ ಓದಿ ಇಡೀ ಓಣಿಗೆ ತಿಥಿ ಹೇಳುತ್ತಿದ್ದ ಅವ್ವ ಈಗ ಗೋಡೆ ಹಿಡಿದು ನಡೆಯುತ್ತಿದ್ದಳು. ಸೊಸೆ ಕಲಿತದ್ದು ಮರಾಠಿ ಶಾಲೆಯಲ್ಲಿ. ಅವಳಿಂದ ಕನ್ನಡ ಪಂಚಾಂಗ ಓದಿಸಲಾಗದೆ, ಮರಾಠಿ ಕ್ಯಾಲೆಂಡರಿನಿಂದ ಓದಿಸಿಕೊಂಡು, ಅದು ಸುಳ್ಳು ಹೇಳುತ್ತದೆ ಎಂದು ಬೈಯುತ್ತಿದ್ದಳು.

ಹಿಂದೆ ಒಂದು ಸಲ ಹೀಗೇ ಫೋನು ಬಂದಿತ್ತು. ಆಗ ನಮ್ಮೂರಿಂದ ವಿಮಾನವಿರಲಿಲ್ಲ. ತಮ್ಮ ಕಾರು ಹೊಡೆದ ಹೊಡೆತಕ್ಕೆ ಅವ್ವ ದಾರಿಯುದ್ದಕ್ಕೂ ಕೈಮುಗಿದುಕೊಂಡೇ ಕೂತಿದ್ದಳು. ಲೋಣಾವಳೆಯ ಘಾಟಿನಲ್ಲಿ ಒಂದು ಟ್ರಕ್ಕು ಅಡ್ಡ ಬಿದ್ದು ಎಲ್ಲ ಗಾಡಿಗಳೂ ನಿಂತವು. ಅಲ್ಲೇ ಫೋನು ಬಂತು. ಕ್ಷಮಿಸಿ, ಬೇರೆಯವರಿಗೆ ಕೊಟ್ಟೆವು. ತಮ್ಮ ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತ. ಅವ್ವ ಅಳಲಿಲ್ಲ. "ಹೋಗ್ಲಿ, ಯಾರಿಗೋ ಬಂತಲ್ಲ" ಎಂದಳು. ನನಗೆ ಆ ಮಾತಿನಿಂದ ಸಮಾಧಾನವಾಗಲಿಲ್ಲ, ಸಿಟ್ಟೇ ಬಂತು. ಯಾರಿಗೋ ಬರಲಿ ಎಂದು ನಾವು ಅಷ್ಟು ದೂರ ಹೋಗಿದ್ದೆವೇ?

ಈ ಸಲ ವಿಮಾನವಿತ್ತು. ಊರ ಹೊರಗಿನ ಬೋರಾಮಣಿಗೆ ದೊಡ್ಡ ವಿಮಾನ ನಿಲ್ದಾಣ ಬರುತ್ತದೆ, ಬರುತ್ತದೆ ಎಂದು ಎಷ್ಟೋ ವರ್ಷ ಕೇಳಿದ್ದೆವು. ಅಲ್ಲಿ ಹುಲ್ಲು ಬೆಳೆಯುತ್ತಲೇ ಇತ್ತು. ಕೊನೆಗೆ ಹೋಟಗಿ ರಸ್ತೆಯ ಹಳೆಯ ನಿಲ್ದಾಣದಿಂದಲೇ ಸಣ್ಣ ವಿಮಾನ ಹಾರತೊಡಗಿತು, ಅದೂ ದಿನಾಲೂ ಅಲ್ಲ. ಅವತ್ತು ಇತ್ತು, ಮಧ್ಯಾಹ್ನ ಇಳಿಹೊತ್ತಿಗೆ. ಎರಡು ಸೀಟು ಸಿಕ್ಕವು. ಅಕ್ಕಲಕೋಟಕ್ಕೆ ಫೋನು ಮಾಡಿದೆ. ತಮ್ಮ ಆಗಲೇ ಮೊಬೈಲಿನಲ್ಲಿ ಲೆಕ್ಕ ತೆಗೆದಿದ್ದ.

"ಅಕ್ಕಾ, ಆಕಾಶದಾಗಿಂದ ಮೂರುನೂರಾ ಅರವತ್ತು ಕಿಲೋಮೀಟರ್ ಅಷ್ಟ. ಒಂದ್ ತಾಸಿನ ಹಾದಿ. ನಾವು ಅಕ್ಕಲಕೋಟದಿಂದ ನಿಮ್ಮ ಮನಿಗೆ ಬರಾಕೂ ಅಷ್ಟ ಹೊತ್ತು ಬೇಕು. ಚಿಂತಿ ಬಿಡು."

"ಅವ್ವಗ ಫೋನ್ ಕೊಡು," ಎಂದೆ. "ಅವ್ವಾ, ಆಧಾರ್ ಕಾರ್ಡ್ ತಗೊಂಡಿ ಏನು?"

"ತಗೊಂಡೀನವ್ವ, ಮೊದಲ ಅದನ್ನ ತಗೊಂಡೀನಿ," ಎಂದಳು ಅವ್ವ. ಆಮೇಲೆ ದನಿ ತಗ್ಗಿಸಿ, "ಇವತ್ತ ಅಮಾಸಿ ಐತಿ, ಗೊತ್ತೈತಿಲ್ಲೋ?"

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಚಿಂಚೋಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವ ನನ್ನ ಗಂಡ, ಕಾರ್ಖಾನೆಯ ಬಾಯ್ಲರಿಗಿಂತ ಮನೆಯ ಬಾಯ್ಲರೇ ಬಿಸಿ ಎನ್ನುತ್ತಾರೆ. "ಅವ್ವಾ, ಕಣ್ಣು ಅಮಾಸಿ ಹುಣ್ಣಿವಿ ನೋಡಿ ಬರಂಗಿಲ್ಲ. ಸುಮ್ಮನ ಕಾರು ಹತ್ತು" ಎಂದು ಫೋನಿಟ್ಟೆ.

ಅವ್ವ ಸುಮ್ಮನೆ ಕಾರು ಹತ್ತಲಿಲ್ಲ, ಪ್ರಸ್ಥಾನ ಇಟ್ಟೇ ಬಂದಳು.

ನಮ್ಮ ಕಡೆ ಇದು ಹಳೆಯ ಪದ್ಧತಿ. ಹೊರಡಲೇಬೇಕಾದ ದಿನ ಕೆಟ್ಟದಾಗಿದ್ದರೆ, ಅದಕ್ಕೂ ಮೊದಲು ಒಂದು ಒಳ್ಳೆಯ ಗಳಿಗೆ ನೋಡಿ, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಒಂದು ಗಂಟು ಇಟ್ಟುಬರಬೇಕು. ಅಲ್ಲಿಗೆ ಪ್ರಯಾಣ ಆ ಒಳ್ಳೆಯ ಗಳಿಗೆಯಲ್ಲೇ ಶುರುವಾಯಿತು ಎಂದು ಲೆಕ್ಕ. ಆಮೇಲೆ ನೀವು ರಾಹುಕಾಲದಲ್ಲಿ ಹೊರಟರೂ ನಡೆಯುತ್ತದೆ, ಹಾದಿಯಲ್ಲಿ ಗಂಟು ಎತ್ತಿಕೊಂಡು ಮುಂದೆ ಹೋದರಾಯಿತು. ದೇವರ ಕಣ್ಣಿಗೇ ಮಣ್ಣೆರಚುವ ಉಪಾಯ ಎಂದು ನಾನು ನಗುತ್ತಿದ್ದೆ. ಅವ್ವ ಜೀವಮಾನದಲ್ಲಿ ಮುಂಬೈಗೆ ಹೋದದ್ದೆಲ್ಲ ರೈಲಿನಲ್ಲಿ. ಹೀಗಾಗಿ ಅವಳ ಪ್ರಸ್ಥಾನದ ಜಾಗ ಯಾವಾಗಲೂ ಒಂದೇ, ಸೊಲ್ಲಾಪುರದ ನವಿ ಪೇಠದಲ್ಲಿ ಅವಳ ಚಿಕ್ಕಪ್ಪನ ಮಗನ ಬಟ್ಟೆ ಅಂಗಡಿ. ಸ್ಟೇಷನ್ನಿಗೆ ಹೋಗುವಾಗ ಅಂಗಡಿಯ ಮುಂದೆ ರಿಕ್ಷಾ ನಿಲ್ಲಿಸಿ, ಗಂಟು ಎತ್ತಿಕೊಂಡು, ಹಾಗೇ ರೈಲು ಹತ್ತುತ್ತಿದ್ದಳು. ಅವತ್ತೂ ಸೊಸೆಯಿಂದ ಕ್ಯಾಲೆಂಡರ್ ಓದಿಸಿ, ಮಧ್ಯಾಹ್ನ ಅಮಾವಾಸ್ಯೆ ಹತ್ತುವುದಕ್ಕೆ ಮೊದಲೇ ತಮ್ಮನಿಂದ ಕಾರನ್ನು ನೇರ ನವಿ ಪೇಠಕ್ಕೆ ಹೊಡೆಸಿ, ತನ್ನ ಕೈಯಾರೆ ಗಂಟನ್ನು ಅಂಗಡಿಯ ದೇವರ ಮುಂದಿಟ್ಟು, ಏನೂ ಆಗಿಲ್ಲದವಳಂತೆ ನಮ್ಮ ಮನೆಗೆ ಬಂದು ಕೂತಳು.

ಹೊರಡುವಾಗ ಕಾರಿನಲ್ಲಿ ಮೆಲ್ಲಗೆ ಬಾಯಿಬಿಟ್ಟಳು. "ಮೊದಲ ನವಿ ಪೇಠಕ್ಕ ಹೋಗೂಣು. ಪ್ರಸ್ಥಾನ ತಗೊಂಡ ಹೋಗಬೇಕು."

"ಅವ್ವಾ, ನವಿ ಪೇಠ ಆ ಕಡೆ, ವಿಮಾನ ಈ ಕಡೆ!"

"ಮುಂಬೈ ಯಾವ ಕಡೆ?" ಎಂದಳು ಅವ್ವ.

ಮುಂಬೈ ನವಿ ಪೇಠದ ಕಡೆಗೇ ಇತ್ತು, ಅದು ನಿಜ. ಆದರೆ ವಿಮಾನ ಹಿಡಿಯಲು ನಾವು ಮುಂಬೈಗೆ ಬೆನ್ನು ತಿರುಗಿಸಿ ಹೋಟಗಿ ರಸ್ತೆಗೆ ಹೋಗಬೇಕಿತ್ತು. ಅಮಾವಾಸ್ಯೆಯ ದಿನ ನವಿ ಪೇಠದ ಗದ್ದಲದೊಳಗೆ ಕಾರು ಹೊಕ್ಕರೆ ಹೊರಗೆ ಬರುವುದು ದೇವರಿಗೇ ಗೊತ್ತು. ನಾನು ತಮ್ಮನ ಭುಜ ತಟ್ಟಿದೆ. ಅವನು ಹೋಟಗಿ ರಸ್ತೆಗೇ ತಿರುಗಿಸಿದ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

ನಿಲ್ದಾಣ ಸಣ್ಣದು, ಬಾಗಿಲೂ ಒಂದೇ. ಬಂದೂಕು ಹಿಡಿದ ಪೊಲೀಸ ನನ್ನ ಟಿಕೆಟ್ಟು, ನನ್ನ ಕಾರ್ಡು ನೋಡಿದ. ಆಮೇಲೆ ಅವ್ವನ ಕಡೆ ಕೈ ಚಾಚಿದ. "ಆಜೀಂಚ ಕಾರ್ಡ್?"

"ಅವ್ವಾ, ಕಾರ್ಡ್ ಕೊಡು."

"ಅದರಾಗನ ಐತಲ್ಲ."

"ಯಾವುದರಾಗ?"

"ಪ್ರಸ್ಥಾನದ ಗಂಟಿನಾಗ."

ನಾನು ಅವಳ ಮುಖವನ್ನೇ ನೋಡಿದೆ. ಅವ್ವ ಬಲು ಸಹಜವಾಗಿ ವಿವರಿಸಿದಳು. "ಗಂಟಿನಾಗ ಹೋಗಾವರದು ಅಂಬೋದು ಒಂದ್ ಸಾಮಾನು ಇಡಬೇಕು. ಅದನ್ನ ಇಟ್ರ ನಾವ ಹೊಂಟಂಗ. ಕಾರ್ಡಿನ ಮ್ಯಾಲ ನನ್ನ ಫೋಟೋ ಐತಿ, ಹೆಸರೈತಿ. ಅದಕ್ಕಿಂತಾ ನನ್ನದು ಮತ್ತೇನೈತಿ? ರೈಲಿನಾಗ ಯಾರೂ ಕೇಳತಿದ್ದಿಲ್ಲ. ಬಾಗಲದಾಗ ಕೇಳತಾರಂತ ನನಗೇನ್ ಗೊತ್ತು?"

ಸಿಟ್ಟು ನೆತ್ತಿಗೇರಿತು. ಆದರೆ ಬೈಯುವುದು ಯಾವುದಕ್ಕೆ? ಅವಳ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಪೊಲೀಸನೆದುರು ನಾನು ಮರಾಠಿಯಲ್ಲಿ ಕೈಮುಗಿದೆ. ತಮ್ಮ ಮೊಬೈಲಿನಲ್ಲಿದ್ದ ಕಾರ್ಡಿನ ಫೋಟೋ ತೋರಿಸಿದ. ಫೋಟೋ ನಡೆಯುವುದಿಲ್ಲ, ಸರಕಾರಿ ಆ್ಯಪಿನಲ್ಲಿ ತೆಗೆದು ತೋರಿಸಿ ಎಂದ ಅವನು. ಅದನ್ನು ತೆಗೆಯಲು ಬರುವ ಓಟಿಪಿ ನಂಬರು ಅಪ್ಪನ ಮೊಬೈಲಿಗೆ ಹೋಗುತ್ತದೆ. ಅಪ್ಪ ತೀರಿ, ಆ ಸಿಮ್ಮೂ ಸತ್ತು ಬಹಳ ದಿನವಾಗಿತ್ತು. ಪೊಲೀಸ ಕೆಟ್ಟವನಲ್ಲ. ಅವ್ವನಿಗೆ ತನ್ನ ಖುರ್ಚಿ ಕೊಟ್ಟ. ಬಾಗಿಲು ಮಾತ್ರ ಬಿಡಲಿಲ್ಲ.

ನಾನು ನವಿ ಪೇಠದ ಆ ಅಂಗಡಿಯ ಮಾಮಾಗೆ ಫೋನು ಮಾಡಿದೆ. ಮಾಮಾ ಅವ್ವನ ತವರಿನ ಹಿರಿಯರು, ಅಮಾವಾಸ್ಯೆಯ ದಿನ ಅಂಗಡಿಯ ಗಾದಿಯ ಪೂಜೆ ಮಾಡಿ ಕೂತರೆ ಸಂಜೆಯವರೆಗೆ ಏಳುವವರಲ್ಲ. "ಮಾಮಾ, ಆ ಗಂಟು ಬಿಚ್ಚಿ ಕಾರ್ಡ್ ತಗದು, ಆಳಿನ ಕೈಯಾಗ ಗಾಡಿ ಕೊಟ್ಟು ಲಗೂನ ವಿಮಾನತಳಕ್ಕ ಕಳಸ್ರಿ. ವ್ಯಾಳ್ಯಾ ಇಲ್ಲ."

ಮಾಮಾ ನಿಧಾನವಾಗಿ ಹೇಳಿದರು. "ಪ್ರಸ್ಥಾನ ಬಿಚ್ಚಬಾರದವ್ವ. ಮತ್ತ ಅದನ್ನ ತಿರುಗಿ ಹಿಂದಕ ಕಳಸಬಾರದು. ಕಳಸಿದ್ರ ಪ್ರಯಾಣನ ಮುರೀತದ. ಇಟ್ಟಾಕಿನ ಬಂದು ಒಯ್ಯಬೇಕು. ಹೋದ ಸಲ ಘಾಟಿನಾಗ ಏನಾತು, ಮರತೀಯೇನು?"

"ಮಾಮಾ, ಹೋದ ಸಲ ಟ್ರಕ್ ಬಿದ್ದಿತ್ತು!"

"ಪ್ರಸ್ಥಾನ ಇಟ್ಟಿದ್ದಿಲ್ಲ," ಎಂದರು ಮಾಮಾ.

ಗೋಡೆಗೆ ತಲೆ ಜಜ್ಜಿಕೊಳ್ಳಬೇಕು ಅನ್ನಿಸಿತು. ತಮ್ಮ ಕಾರಿನ ಕೀಲಿ ತಿರುವುತ್ತ ನಿಂತಿದ್ದ. ಅವನು ಹೋಗಿ ಬರುವಷ್ಟರಲ್ಲಿ ಕೌಂಟರು ಮುಚ್ಚುತ್ತಿತ್ತು. ಹೋಗುವ ಹಾದಿ, ಬರುವ ಹಾದಿ, ಎರಡೂ ಸೇರಿದರೆ ಆಗುವ ಮಾತಲ್ಲ. ಒಂದು ಕಡೆಯ ಹಾದಿಗಷ್ಟೇ ಹೊತ್ತಿತ್ತು. ಮಾಮಾ ಒಪ್ಪದಿದ್ದರೆ ಈ ಕಣ್ಣೂ ಹೋದಂತೆಯೇ. ನನ್ನ ದನಿ ಏರಿದ್ದನ್ನು ಕೇಳಿ ಅವ್ವ ಖುರ್ಚಿಯಿಂದಲೇ ಕೈ ಚಾಚಿ ಫೋನು ಇಸಿದುಕೊಂಡಳು.

"ಅಣ್ಣಾ, ನೀ ಅನ್ನೋದು ಖರೇನ ಐತಿ," ಎಂದಳು. ನಾನು ಫೋನು ತಿರುಗಿ ಇಸಿದುಕೊಳ್ಳಲು ಹೋದೆ. ಅವ್ವ ಮುಂದುವರಿಸಿದಳು. "ಗಂಟು ಆಳಿನ ಕೈಲೆ ಕಳಸಬ್ಯಾಡ, ನೀನ ತಗೊಂಡು ಬಾ. ಮನಿಯಂದ್ರ ಗ್ವಾಡಿ ಅಲ್ಲ, ಮನಿಯಂದ್ರ ನೀನು. ನೀ ಎಲ್ಲಿ ನಿಂತಿ ಅಲ್ಲೇ ನನ್ನ ಪ್ರಸ್ಥಾನ ಇಟ್ಟ ಮನಿ. ಹಾದಿ ಮ್ಯಾಲ ಬಂದು ನಿಂದರು. ನಾನ ನಡಕೋತ ಬಂದು ಇಸಕೋತೀನಿ."

ಫೋನು ಕಟ್ಟಾಗಿತ್ತೋ, ಮಾಮಾ ವಿಚಾರ ಮಾಡುತ್ತಿದ್ದರೋ ತಿಳಿಯಲಿಲ್ಲ. ತಿರುಗಿ ಹಚ್ಚಿದರೆ ಎತ್ತಲಿಲ್ಲ.

"ಬರತಾನ," ಎಂದಳು ಅವ್ವ.

ನಾನು ಒಳಗೆ ಹೋಗಿ ಕೌಂಟರಿನ ಹುಡುಗಿಯ ಮುಂದೆ ನಿಂತೆ. ತಾಯಿ ಹೊರಗಿದ್ದಾರೆ, ಕಣ್ಣಿಲ್ಲ, ಕಣ್ಣು ತರಲಿಕ್ಕೇ ಹೊರಟಿದ್ದೇವೆ ಎಂದೆ. ಹುಡುಗಿ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ನಿಮ್ಮ ಪಾಸು ಮಾಡಿಡುತ್ತೇನೆ, ಅವರ ಕಾರ್ಡು ನೋಡದೆ ಅವರದನ್ನು ಕೊಡಲಾರೆ ಎಂದಳು. ಗಾಜಿನಾಚೆ ವಿಮಾನ ಬಂದಿಳಿದು ನಿಂತಿತ್ತು. ಅದರಿಂದ ಇಳಿದ ಜನ ನಗುತ್ತ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅವರ ನಗು ನೋಡಿ ನನಗೆ ಮೈ ಉರಿಯಿತು. ಮತ್ತೆ ಹೊರಗೆ ಓಡಿ ಬಂದೆ. ರಸ್ತೆಯ ಮೇಲೆ ಯಾರೂ ಇಲ್ಲ. ಬಿಸಿಲು ಮಾತ್ರ ಕಣ್ಣು ಕುಕ್ಕುತ್ತಿತ್ತು. ಒಂದು ರಿಕ್ಷಾ ಬಂತು, ಅದರಲ್ಲಿ ಬೇರೆ ಪ್ರಯಾಣಿಕರು. ಇನ್ನೊಂದು ಬಂತು, ನಿಲ್ಲದೆ ಹೋಯಿತು. ನಾನು ಅವ್ವನ ಮುಂದೆ ನಿಂತು ಹೇಳಬಾರದ ಮಾತು ಹೇಳಿದೆ. "ಈ ಸಲಾನೂ ಯಾರಿಗೋ ಬರತೈತಿ ಬಿಡು. ನಿನಗ ಅದ ಬೇಕಲ್ಲ."

ಅವ್ವ ಮುಖವನ್ನು ರಸ್ತೆಯ ಕಡೆ ತಿರುಗಿಸಿದಳು. ತಮ್ಮ ನನ್ನ ಕೈ ಹಿಡಿದು ಆಚೆ ಎಳೆದ.

ಆಗ ಮಾಮಾನ ಹಳೆಯ ಸ್ಕೂಟರು ಬಂತು. ಗಾದಿ ಬಿಟ್ಟು ಏಳದ ಮನುಷ್ಯ, ಧೋತರದ ಕಚ್ಚೆ ಏರಿಸಿ, ತಲೆಗೆ ಟವೆಲು ಸುತ್ತಿ, ಗಂಟನ್ನು ಎದೆಗವಚಿಕೊಂಡು ಒಂದೇ ಕೈಯಲ್ಲಿ ಸ್ಕೂಟರು ಹೊಡೆಯುತ್ತ ಬಂದಿದ್ದರು. ಬಾಗಿಲಿನವರೆಗೆ ಬರಲಿಲ್ಲ. ಸ್ವಲ್ಪ ದೂರದಲ್ಲೇ ಸ್ಕೂಟರು ನಿಲ್ಲಿಸಿ, ಮುಂಬೈಯ ದಿಕ್ಕಿಗೆ ಮುಖ ಮಾಡಿ, ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟರು. ನಾನು ಓಡಿಹೋಗಿ ಕಸಿದುಕೊಂಡು ಬರುವವಳಿದ್ದೆ. ಅವ್ವ ನನ್ನ ಸೆರಗು ಹಿಡಿದಳು.

"ನಾ ಹೋಗಬೇಕು."

ಅವಳು ಆ ಬಿಸಿಲಲ್ಲಿ ಕೈ ಮುಂದೆ ಚಾಚಿ ನಡೆದಳು. ಹಿಡಿಯಲು ಹೋದರೆ ಕೊಸರಿಕೊಂಡಳು. ಅವಳಿಗೆ ಕಾಣುತ್ತಿದ್ದುದು ಬಿಳಿ ಧೋತರದ ಒಂದು ಆಕಾರ ಅಷ್ಟೇ. "ಇಲ್ಲೇ ಅದೀನಿ ತಂಗಿ, ನೆಟ್ಟಗ ಬಾ" ಎಂದು ಮಾಮಾ ದನಿ ಕೊಡುತ್ತಿದ್ದರು. ನಾನು ಹಲ್ಲು ಕಚ್ಚಿ ನಿಂತಿದ್ದೆ. ಅಷ್ಟು ಸಣ್ಣ ದೂರವನ್ನು ಯಾರೂ ಅಷ್ಟು ಹೊತ್ತು ನಡೆದದ್ದನ್ನು ನಾನು ನೋಡಿಲ್ಲ. ಗಂಟು ಕೈಗೆ ಬಂದ ಮೇಲೆ ಅವ್ವ ಅದನ್ನು ಕಣ್ಣಿಗೊತ್ತಿಕೊಂಡಳು. ಮಾಮಾ ಕಣ್ಣೊರೆಸಿಕೊಂಡು, "ಹೋಗಿ ಬಾ, ಹಿಂದ ತಿರುಗಿ ನೋಡಬ್ಯಾಡ" ಎಂದರು. ನೋಡುವುದಕ್ಕೆ ಕಣ್ಣಾದರೂ ಎಲ್ಲಿತ್ತು?

ಕೌಂಟರಿನ ಹುಡುಗಿ ಮುಚ್ಚುವ ಫಲಕ ಕೈಯಲ್ಲಿ ಹಿಡಿದೇ ಕಾದಿದ್ದಳು. ಅವ್ವ ಗಂಟಿನಿಂದ ತೆಗೆದ ಕಾರ್ಡು ಕೊಟ್ಟು, ಪಾಸು ಇಸಿದುಕೊಂಡು ತಪಾಸಣೆಗೆ ಓಡಿದೆವು. ಅಲ್ಲಿ ಗಂಟನ್ನು ಮೇಜಿನ ಮೇಲೆ ಬಿಚ್ಚಿಸಿದರು. ಅಕ್ಕಿ, ಅರಿಶಿನದ ಬೇರು, ಅಡಿಕೆ, ಉತ್ತತ್ತಿ, ಮಡಿಕೆ ಮುರಿಯದ ಹೊಸ ಗುಳೇದಗುಡ್ಡದ ರವಿಕೆ ಖಣ. ಪ್ರಸ್ಥಾನಕ್ಕೆ ಅಕ್ಕಿ ಅಡಿಕೆ ಸಾಕು. ಖಣ ಯಾಕೆ ಎಂದು ನಾನು ನೋಡಿದೆ. ತಪಾಸಣೆಯ ಹೆಂಗಸು ಉತ್ತತ್ತಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಕಟ್ಟಿಕೊಳ್ಳಿ ಎಂದಳು.

ವಿಮಾನದಲ್ಲಿ ಪಟ್ಟಿ ಬಿಗಿದ ಮೇಲೆ ಕೇಳಿದೆ. "ಇದು ಉಡಿ ತುಂಬೂ ಸಾಮಾನು ಅಲ್ಲೇನ ಅವ್ವಾ? ಯಾರಿಗೆ?"

"ಕಣ್ಣು ಕೊಟ್ಟ ಮನಿಯವರಿಗೆ," ಎಂದಳು. "ಅವರ ಮನಿಯಾಗ ನಿನ್ನೇನೋ ಮೊನ್ನೇನೋ ಸಾವಾಗೈತಿ. ಅಂಥಾದ್ರಾಗ ಕಣ್ಣು ಕೊಟ್ಟಾರ. ಬರಿಗೈಲೆ ಹೆಂಗ ಇಸಕೊಳ್ಳೂದು? ಅವರ ಮನಿ ಹೆಣ್ಣಮಗಳಿಗೆ ಉಡಿ ತುಂಬಬೇಕು. ನಾ ಮುತ್ತೈದಿ ಅಲ್ಲ, ನನ್ನ ಕೈಲೆ ಬ್ಯಾಡ. ನೀ ತುಂಬು."

ಕೊಟ್ಟವರು ಯಾರೆಂದು ಆಸ್ಪತ್ರೆಯವರು ಹೇಳುವುದಿಲ್ಲ. ಅದು ನನಗೆ ಗೊತ್ತಿತ್ತು, ಹೇಳಲಿಲ್ಲ. ಬಾಗಿಲ ಬಳಿ ಆಡಿದ ಮಾತು ನೆನಪಾಯಿತು. "ತುಂಬೂಣು" ಎಂದೆ.

ತಮ್ಮನ ಲೆಕ್ಕ ಸುಳ್ಳಾಗಲಿಲ್ಲ. ಒಂದು ತಾಸಿನೊಳಗೇ ಕೆಳಗೆ ಮುಂಬೈ ಕಂಡಿತು. ಆದರೆ ಇಳಿಯಲಿಲ್ಲ. ಕೆಳಗೆ ಗದ್ದಲವಿದೆ, ಕಾಯಬೇಕು ಎಂದು ಹೇಳಿದರು. ವಿಮಾನ ಒಂದು ಪಕ್ಕಕ್ಕೆ ವಾಲಿ ಸಮುದ್ರದ ಮೇಲೆ ಸುತ್ತು ಹಾಕತೊಡಗಿತು. ಅದೇ ಸಮುದ್ರ, ಅದೇ ಹಡಗು, ಮತ್ತೆ ಅದೇ ಸಮುದ್ರ. ಮೊಬೈಲಿನ ಆ ಲೆಕ್ಕದಲ್ಲಿ ಈ ಸುತ್ತುಗಳಿರಲಿಲ್ಲ. ಇಳಿದ ಮೇಲೆ ನಿಲ್ದಾಣದಿಂದ ಹೊರಬರುವುದೇ ಒಂದು ಊರು ದಾಟಿದಷ್ಟಾಯಿತು. ಟ್ಯಾಕ್ಸಿ ಸಿಕ್ಕ ಮೇಲೆ ಸಿಗ್ನಲ್ಲುಗಳು. ಒಂದು ಹಸಿರಾಗಿ ನಾವು ದಾಟುವಷ್ಟರಲ್ಲಿ ಕೆಂಪು. ಆಸ್ಪತ್ರೆಗೆ ಫೋನು ಮಾಡಿ, ಬಂದೆವು, ಹತ್ತಿರದಲ್ಲೇ ಇದ್ದೇವೆ ಎಂದು ಸುಳ್ಳು ಹೇಳಿದೆ. ಆರರವರೆಗೆ ನೋಡುತ್ತೇವೆ ಎಂದಳು ಆ ಕಡೆಯವಳು. ಅವತ್ತು ನಾನು ಎಲ್ಲ ದೇವರಿಗೂ ಹರಕೆ ಹೊತ್ತೆ, ಅಕ್ಕಲಕೋಟದ ಮಹಾರಾಜರಿಗೆ ಹೊತ್ತೆ, ಸೊಲ್ಲಾಪುರದ ಸಿದ್ಧರಾಮನಿಗೆ ಹೊತ್ತೆ. ಆ ಮುಂದಿನವರಿಗೆ ಸಿಗದಿರಲಿ, ನಮಗೇ ಸಿಗಲಿ, ನಮಗೇ ಸಿಗಲಿ. ಅವ್ವ ತೊಡೆಯ ಮೇಲೆ ಗಂಟು ಇಟ್ಟುಕೊಂಡು, ಅಂಗಡಿಗಳ ಬೆಳಕು ಕಿಟಕಿಯಲ್ಲಿ ಸರಿಯುವುದನ್ನು ನೋಡುತ್ತಿದ್ದಳು, ಅಥವಾ ನೋಡುತ್ತಿರಲಿಲ್ಲ.

ಅವ್ವನ ರಟ್ಟೆ ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಗೋಡೆಯ ಗಡಿಯಾರದಲ್ಲಿ ಆರಕ್ಕೆ ಇನ್ನೂ ತುಸು ಹೊತ್ತಿತ್ತು. ನರ್ಸು ಅವ್ವನ ಕೈಗೆ ಪಟ್ಟಿ ಕಟ್ಟುತ್ತ ಹೇಳಿದಳು. ಬಂದದ್ದು ಒಳ್ಳೆಯದಾಯಿತು, ನೀವು ಬರುವುದಿಲ್ಲವೇನೋ ಎಂದು ಆ ಹೆಣ್ಣುಮಗಳನ್ನು ತಯಾರು ಮಾಡಿ ಕೂರಿಸಿದ್ದೆವು.

ನಾನು ತಿರುಗಿ ನೋಡಿದೆ. ಗೋಡೆಗಾನಿಸಿದ ಬೆಂಚಿನ ಮೇಲೆ ನನ್ನ ವಯಸ್ಸಿನ ಹೆಂಗಸೊಬ್ಬಳು ಕೂತಿದ್ದಳು. ಹಸಿರು ಬಳೆ, ಹಣೆಯಲ್ಲಿ ಕುಂಕುಮ, ಪಕ್ಕದಲ್ಲಿ ಒಂದು ಬಟ್ಟೆಯ ಚೀಲ. ಬಲಗಣ್ಣಿನ ಮೇಲೆ ಶಸ್ತ್ರಚಿಕಿತ್ಸೆಗೆ ಹಾಕುವ ಗುರುತು ಆಗಲೇ ಹಾಕಿದ್ದರು. ಆ ಕಣ್ಣು ಅವ್ವನ ಕಣ್ಣಿನ ಹಾಗೆಯೇ ಬೆಳ್ಳಗಿತ್ತು. ಇನ್ನೊಂದೂ ಹಾಗೆಯೇ ಇತ್ತು. ನರ್ಸು ಹೋಗಿ ಅವಳ ಭುಜ ಮುಟ್ಟಿದಳು. "ತಾಯಿ, ಅವರು ಬಂದರು. ಇನ್ನೊಂದು ಸಲ ಫೋನು ಮಾಡುತ್ತೇವೆ. ಈಗ ಊಟ ಮಾಡಿ, ಊರಿಗೆ ಹೋಗಿ" ಎಂದು ಮರಾಠಿಯಲ್ಲಿ ಹೇಳಿದಳು. ಹೆಂಗಸು "ಬರಂ" ಎಂದಳು, ಆಗಲಿ ಎಂಬಂತೆ, ಅಷ್ಟೇ. ಹಣೆಯ ಹತ್ತಿರ ಕೈ ಒಯ್ದು, ಆ ಗುರುತನ್ನು ಒರೆಸಬೇಕೋ ಬೇಡವೋ ಎಂದು ತಿಳಿಯದೆ ಕೈ ಇಳಿಸಿದಳು.

ದಿನವಿಡೀ ನಾನು ಶಪಿಸಿದ "ಮುಂದಿನವರು" ಇವಳು.

ಅವ್ವನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ಕಣ್ಣಿಲ್ಲದ ಮೇಲೆ ಕಿವಿ ಚುರುಕಾಗಿತ್ತು. ಎಲ್ಲ ಕೇಳಿಸಿಕೊಂಡಿದ್ದಳು. ಗಂಟನ್ನು ನನ್ನ ಕೈಗೆ ತುರುಕಿದಳು. "ಈಕಿಗೆ ತುಂಬು."

"ಅವ್ವಾ, ಇದು ಕಣ್ಣು ಕೊಟ್ಟವರಿಗೆ ಅಂದಿ."

"ಮತ್ತ ಈಕಿ ಏನ ಕೊಟ್ಟಾಳ?" ಎಂದಳು ಅವ್ವ.

ಅವ್ವನನ್ನು ಒಳಗೆ ಕರೆದೊಯ್ದರು. ನಾನು ಬೆಂಚಿನ ಮುಂದೆ ಕುಳಿತೆ. ಏನು ಹೇಳಬೇಕೋ ತಿಳಿಯದೆ, ತಾಯಿ ಉಡಿ ತುಂಬು ಎಂದಿದ್ದಾರೆ, ಬೇಡ ಎನ್ನಬೇಡಿ ಎಂದಷ್ಟೇ ಹೇಳಿದೆ. ಆಕೆ ಸೆರಗು ಒಡ್ಡಿದಳು. ಹಾಕುವಾಗ ಅಕ್ಕಿ ನೆಲಕ್ಕೂ ಬಿತ್ತು. ಖಣ, ಅರಿಶಿನ, ಅಡಿಕೆ, ಉತ್ತತ್ತಿ ಎಲ್ಲ ಹಾಕಿದೆ. ಆಕೆ ಕೈಯಾಡಿಸಿ ಒಂದೊಂದನ್ನೂ ಮುಟ್ಟಿ ನೋಡಿದಳು. ತನ್ನ ಊರು ನಾಶಿಕದ ಕಡೆ, ಬೆಳಗಿನಿಂದ ಏನೂ ತಿಂದಿಲ್ಲ, ಅಣ್ಣ ರಾತ್ರಿ ಬಂದು ಕರೆದೊಯ್ಯುತ್ತಾನೆ ಎಂದಳು. ನಾವು ಸೊಲ್ಲಾಪುರದಿಂದ ವಿಮಾನದಲ್ಲಿ ಬಂದೆವು ಎಂದೆ. ನಾನು ದಾರಿಗೆಂದು ಕಟ್ಟಿಕೊಂಡಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆ. ಆಕೆ ತಿಂದಳು. ಹಸಿದವರು ತಿನ್ನುವ ಹಾಗೆ ತಿಂದಳು. ನೀರು ಕುಡಿದ ಮೇಲೆ ಕೇಳಿದಳು.

"ಸೋಲಾಪೂರಹೂನ ವಿಮಾನಾನ ಆಲಾತ? ಕಿತಿ ವೇಳ ಲಾಗತೋ?"

ವಿಮಾನದಲ್ಲೇ ಬಂದಿರಾ, ಎಷ್ಟು ಹೊತ್ತು ಬೇಕು ಎಂದು ಕೇಳುತ್ತಿದ್ದಳು. ಆ ದನಿಯಲ್ಲಿ ಕೊಂಕಿರಲಿಲ್ಲ. ವಿಮಾನ ಹತ್ತದವರಿಗೆ ಇರುವ ಬರೀ ಕುತೂಹಲ. ನಾನು "ಏಕ ತಾಸ" ಎಂದೆ.

"ಏವಢಾಚ?" ಎಂದಳು, ಇಷ್ಟೇನಾ ಎಂಬಂತೆ. ಆಮೇಲೆ ಸೆರಗಿನ ಉಡಿಯನ್ನು ಬಿಗಿಯಾಗಿ ಕಟ್ಟಿಕೊಂಡಳು.

ಮರುದಿನ ಅವ್ವನ ಕಣ್ಣಿನ ಪಟ್ಟಿ ಬಿಚ್ಚಿದರು. ಡಾಕ್ಟರು ಬೆರಳು ಎತ್ತಿ ಹಿಡಿದು ಎಷ್ಟು ಎಂದು ಕೇಳಿದರು. ಅವ್ವ ನೀರು ಸುರಿಯುವ ಕಣ್ಣನ್ನು ಕಿರಿದು ಮಾಡಿ, ಬಹಳ ಹೊತ್ತು ನೋಡಿ, ಎರಡು ಎಂದಳು. ಸರಿಯಿತ್ತು. ನಾನು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಡಾಕ್ಟರು ನಕ್ಕು ಕೈ ಇಳಿಸಿದರು. ಅವ್ವ ಆ ಕೈಯನ್ನೇ ಹಿಡಿದುಕೊಂಡು ಮರಾಠಿಯಲ್ಲಿ ಕೇಳಿದಳು, ನಿನ್ನೆ ಬೆಂಚಿನ ಮೇಲೆ ಕೂತಿದ್ದ ಆ ಹೆಣ್ಣುಮಗಳಿಗೆ ಕಣ್ಣು ಸಿಕ್ಕಿತೇ ಎಂದು. ಡಾಕ್ಟರಿಗೆ ಯಾರ ಮಾತೆಂದು ತಿಳಿಯಲಿಲ್ಲ. ಅವರು ನನ್ನ ಕಡೆ ನೋಡಿದರು, ಅವ್ವನೂ ತನ್ನ ಹೊಸ ಕಣ್ಣಿನಿಂದ ಮೊದಲ ಸಲ ನನ್ನ ಕಡೆ ನೋಡಿದಳು.